ಅಕ್ಕ ಹಿಂದಕ್ಕೆ ಓಡಿದ್ದು ಯಾಕೆ

ನನ್ನ ತಂಗಿ ಚೀನಾದ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಗದ್ಯಭಾಗಗಳನ್ನು ಬರೆಯುತ್ತಾಳೆ. ಹೊಸದುರ್ಗದ ನಮ್ಮ ಬಾಡಿಗೆ ಮನೆಯಲ್ಲಿ, ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಬರೆಯುತ್ತಾಳೆ. ಒಂದೊಂದು ಗದ್ಯಭಾಗವೂ ಮುನ್ನೂರು ಪದ ಮೀರಬಾರದು. ಅದರ ಕೆಳಗೆ ನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ. ಅದರಲ್ಲಿ ಸರಿಯಾದದ್ದು ಒಂದೇ. ಕೆಲಸ ಕೊಡುವ ಕಂಪನಿ ಬೆಂಗಳೂರಿನದು. ಪುಸ್ತಕ ಅಚ್ಚಾಗುವುದು ಚೀನಾದಲ್ಲಿ. ಆ ಮಕ್ಕಳು ಕಾಲೇಜು ಸೇರುವ ಪರೀಕ್ಷೆಗೆ ಅದನ್ನು ಓದಿ ಅಭ್ಯಾಸ ಮಾಡುತ್ತಾರಂತೆ.

ಇದನ್ನು ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ಮೊದಲು ನಂಬಲಿಲ್ಲ. ಎದುರು ಮನೆಯಾಕೆ, "ಚೀನಾದೋರಿಗೆ ಇಂಗ್ಲಿಷ್ ಹೇಳ್ಕೊಡಾಕೆ ಹೊಸದುರ್ಗದೋಳೇ ಬೇಕಾಯ್ತೇನೇ? ಹೋಗ್ಲಿ, ನನ್ನ ಮಗನಿಗೆ ಒಂದು ಗಂಟೆ ಹೇಳ್ಕೊಡು, ಅವನೂ ಅದೇ ಚೀನಾದೋನ ತರಾನೇ ಓದ್ತಾನೆ, ಒಂದಕ್ಷರ ತಿಳಿಯಲ್ಲ" ಎಂದಳು. ತಂಗಿ ನಕ್ಕಳು. ಅವಳು ನಗುವಾಗ ಬಲಗಿವಿ ಮುಂದೆ ಬರುವಂತೆ ಸ್ವಲ್ಪ ಕತ್ತು ತಿರುಗಿಸುತ್ತಾಳೆ. ಅವಳಿಗೆ ಎಡಗಿವಿ ಕೇಳುವುದಿಲ್ಲ. ಐದು ವರ್ಷದವಳಿದ್ದಾಗಿನಿಂದ ಕೇಳುವುದಿಲ್ಲ.

ನಾನು ಓದಿದ್ದು ಐದನೇ ತರಗತಿಯವರೆಗೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ನನ್ನ ಗಂಡ ಲಾರಿ ಮೇಲೆ ಹೋಗುವವರು, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಮನೆಗೆ ಬರುತ್ತಾರೆ. ನಮಗೆ ಮಕ್ಕಳಿಲ್ಲ. ಅಪ್ಪ ಅವ್ವ ಇಬ್ಬರೂ ತೀರಿಹೋದ ಮೇಲೆ ತಂಗಿ ನನ್ನ ಜೊತೆಗೇ ಇದ್ದಾಳೆ. ಚಿತ್ರದುರ್ಗದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದಳು, ಬಿ.ಇಡಿ. ಮಾಡಿದಳು, ಹಿರಿಯೂರಿನ ಒಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದಳು. ಅಲ್ಲಿ ಎಡಗಡೆ ಬೆಂಚಿನ ಹುಡುಗರು ಇವಳಿಗೆ ಕೇಳುವುದಿಲ್ಲ ಎಂದು ಕಂಡುಕೊಂಡರು. ಇವಳು ಬೋರ್ಡಿನ ಮೇಲೆ ಬರೆಯುವಾಗ ಆ ಕಡೆಯಿಂದ ಏನಾದರೂ ಅನ್ನುವುದು, ಇವಳು ತಿರುಗದಿದ್ದರೆ ಎಲ್ಲರೂ ನಗುವುದು. ತಂದೆತಾಯಿಗಳು ದೂರು ಕೊಟ್ಟರು. ಮುಖ್ಯಗುರುಗಳು ಕರೆಸಿ, "ಮೇಡಂ, ಬೇಜಾರು ಮಾಡ್ಕಬ್ಯಾಡ್ರಿ, ನಿಮ್ಮ ಪಾಠ ಚೆನ್ನಾಗೈತೆ. ಆದ್ರೆ ಕ್ಲಾಸ್ ಅಂದ್ರೆ ಕಿವೀನೇ ಅಲ್ವೇನ್ರಿ" ಎಂದರಂತೆ. ಅವಳು ಬಸ್ಸು ಹತ್ತಿ ಮನೆಗೆ ಬಂದು, ಚೀಲ ಇಟ್ಟು, ಊಟ ಮಾಡಿ, ಆಮೇಲೆ ಹೇಳಿದಳು. ಆ ನಂತರ ಸಿಕ್ಕಿದ್ದು ಈ ಕೆಲಸ. ಇದಕ್ಕೆ ಕಿವಿ ಬೇಡ, ಕಣ್ಣು ಸಾಕು.

ಈ ಕೆಲಸದಲ್ಲಿ ನನಗೂ ಒಂದು ಪಾಲು ಇತ್ತು. ತಂಗಿ ಪ್ರಶ್ನೆ ತಯಾರು ಮಾಡಿದ ಮೇಲೆ ಅದನ್ನು ನನ್ನ ಮೇಲೆ ಪರೀಕ್ಷೆ ಮಾಡುತ್ತಿದ್ದಳು. ಗದ್ಯಭಾಗವನ್ನು ಹೇಳುತ್ತಿರಲಿಲ್ಲ. ಬರೀ ಪ್ರಶ್ನೆ ಮತ್ತು ನಾಲ್ಕು ಉತ್ತರಗಳನ್ನು ಕನ್ನಡದಲ್ಲಿ ಹೇಳಿ, "ಇದರಾಗೆ ಯಾವುದು?" ಎನ್ನುವಳು. ಕಥೆ ಕೇಳದೆಯೇ ನಾನು ಸರಿಯಾದದ್ದನ್ನು ಹೇಳಿಬಿಟ್ಟರೆ ಪ್ರಶ್ನೆ ಕೆಟ್ಟದ್ದು, ಓದದ ಹುಡುಗನೂ ಊಹೆ ಮಾಡಿ ಅಂಕ ತೆಗೆದುಕೊಳ್ಳುತ್ತಾನೆ ಎಂದು ಅರ್ಥ. ಆಗ ಅವಳು ಬದಲಾಯಿಸುವಳು. ನಾನು ತಪ್ಪು ಹೇಳಿದರೆ ಖುಷಿ.

"ನೀನು ತಪ್ಪು ಹೇಳಿದಷ್ಟೂ ನನಗೆ ಹೆಸರು ಬರ್ತತೆ ಅಕ್ಕ."

"ಹಂಗಾದ್ರೆ ನಿನ್ನಷ್ಟು ಹೆಸರು ಯಾರಿಗೂ ಬರಲ್ಲ ಬಿಡು. ನಾನು ಐದನೇ ಕ್ಲಾಸಿನಾಗೂ ಬರೀ ತಪ್ಪೇ ಹೇಳ್ತಿದ್ದೆ."

ರೈಲಿನ ಮೇಲೆ, ಹಕ್ಕಿಗಳ ಮೇಲೆ, ಮುದುಕರಿಗೆ ಮೊಬೈಲು ಕಲಿಸುವ ಹುಡುಗಿಯ ಮೇಲೆ ಹೀಗೆ ಎಷ್ಟೋ ಬರೆದಳು. ಒಂದು ದಿನ ಕಂಪನಿಯವರು, ಬೇರೆ ದೇಶದ ಹಳ್ಳಿ ಜೀವನದ ಬಗ್ಗೆ, ನಾನು ನಾನು ಎಂದು ಹೇಳಿಕೊಳ್ಳುವಂತಹ ಕಥೆ ಬೇಕು ಎಂದು ಕೇಳಿದರು. ಯಾರೂ ಸಾಯಬಾರದು, ದೇವರ ವಿಷಯ ಬರಬಾರದು, ಕೊನೆಗೆ ಮನಸ್ಸಿಗೆ ಒಳ್ಳೆಯದು ಅನ್ನಿಸಬೇಕು. ಅವಳು ಎರಡು ದಿನ ಏನನ್ನೋ ಬರೆದಳು. ನಾನು ಏನು ಎಂದು ಕೇಳಲಿಲ್ಲ.

ಅದು ಶನಿವಾರ, ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು. ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ತಂಗಿ ಕುರ್ಚಿಯಿಂದಲೇ ಕೇಳಿದಳು.

"ಅಕ್ಕ, ಒಂದು ಪ್ರಶ್ನೆ. ಆ ಹುಡುಗಿ ಮಳೆಯಾಗೆ ಹೊಲಕ್ಕೆ ಮತ್ತೆ ಯಾಕೆ ಓಡಿದ್ಲು? ಎ, ಬುಟ್ಟಿ ತರಾಕೆ. ಬಿ, ಅವಳ ಅಪ್ಪ ಕರೆದ ಅಂತ. ಸಿ, ಮರಿ ತರಾಕೆ. ಡಿ, ತಂಗಿ ಒಬ್ಬಳೇ ಇದ್ದಾಳೆ ಅಂತ."

"ಸಿ" ಎಂದೆ.

ನಾನು ಯೋಚಿಸಿ ಹೇಳಿದ್ದಲ್ಲ. ಕೈ ಅಕ್ಕಿಯಲ್ಲಿತ್ತು. ಬಾಯಿ ಹೇಳಿತು. ಹೇಳಿದ ಮೇಲೆ ಏನು ಕೇಳಿದಳು ಎಂದು ತಿಳಿಯಿತು.

ತಂಗಿ ಚಪ್ಪಾಳೆ ತಟ್ಟಿದಳು. "ತಪ್ಪು. ಡಿ. ಒಳ್ಳೇ ಪ್ರಶ್ನೆ ಆತು ಹಂಗಾದ್ರೆ. ನಿನ್ನ ಕತೇನೇ ಕಣೇ ಇದು. ನಿನ್ನ ಕತೇಲೇ ನೀನು ಫೇಲು." ಆಮೇಲೆ ಪೂರ್ತಿ ಗದ್ಯಭಾಗವನ್ನು ಒಂದೊಂದು ಸಾಲಾಗಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ನಾನು ಅಕ್ಕಿ ಆರಿಸುತ್ತಲೇ ಇದ್ದೆ. ಆ ದಿನ ಆರಿಸಿದ ಅಕ್ಕಿಯಲ್ಲಿ ಕಲ್ಲು ಉಳಿದಿರಬೇಕು.

ಅವಳು ಬರೆದದ್ದು ಇಷ್ಟು. ನಾವು ಕುರಿ ಸಾಕುವವರು. ತುರುವನೂರಿನ ಕಡೆಯವರು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಊರೂರು ಹೋಗಿ, ಹೊಲದವರು ಕರೆದ ಕಡೆ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದೆವು. ಕುರಿಯ ಗೊಬ್ಬರ ಹೊಲಕ್ಕೆ, ನಮಗೆ ಕಾಳು. ಆಗ ತಾನೇ ಹುಟ್ಟಿದ, ನಡೆಯಲಾರದ ಮರಿಗಳನ್ನು ಮೇಯಲು ಹೊಡೆಯುವುದಿಲ್ಲ. ಅವನ್ನು ಬಿಡಾರದಲ್ಲೇ ದೊಡ್ಡ ಮಂಕರಿ ಬುಟ್ಟಿ ಕವುಚಿ ಅದರ ಕೆಳಗೆ ಬಿಡುತ್ತೇವೆ. ನಾಯಿ, ಹದ್ದು ಮುಟ್ಟುವುದಿಲ್ಲ. ಒಂದು ದಿನ ಅಪ್ಪ ಕುರಿಯ ಹಿಂದೆ ಹೋಗಿದ್ದ, ಅವ್ವ ಸಂತೆಗೆ ಹೋಗಿದ್ದಳು. ಬಿಡಾರದಲ್ಲಿ ಹನ್ನೆರಡು ವರ್ಷದ ಅಕ್ಕ, ಐದು ವರ್ಷದ ನಾನು ಮತ್ತು ಒಂಬತ್ತು ಮರಿ. ಆಲಿಕಲ್ಲು ಮಳೆ ಬಂತು. ಅಕ್ಕ ಒಂದು ಮಂಕರಿ ಖಾಲಿ ಮಾಡಿ ನನ್ನನ್ನು ಅದರ ಕೆಳಗೆ ಕೂರಿಸಿದಳು. ನನ್ನ ಮಂಕರಿ ದಾಟಿ ಓಡಾಡಿ, ಮರಿಗಳನ್ನು ಕಂಬಳಿಯಲ್ಲಿ ಹೊತ್ತು ಎರಡು ಹೊಲದಾಚೆಯ ಮೋಟಾರು ಮನೆಗೆ ಸೇರಿಸಿದಳು. ಅವನ್ನು ಒರೆಸಿ, ಎಣಿಸಿ, ತಿರುಗಿ ಓಡಿ ಬಂದಳು. ನನ್ನ ತೋಳಲ್ಲಿ ಒಂದು ಮರಿ ಇತ್ತು. ಮಂಕರಿ ಎತ್ತಿದಳು, ಬೆಳಕು ಬಂತು. ಮೊದಲು ಮರಿ ತೆಗೆದುಕೊಂಡಳು, ಆಮೇಲೆ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡಳು. ಇವತ್ತಿಗೂ ಯಾವುದಾದರೂ ಬಾಗಿಲು ತೆರೆದು ಬೆಳಕು ಬಂದರೆ ನನಗೆ ಅಕ್ಕನ ಮುಖ ಕಾಣುತ್ತದೆ.

"ಹೆಂಗೈತೆ?"

"ಚೆನ್ನಾಗೈತೆ."

"ಅಷ್ಟೇನಾ?"

"ಇನ್ನೇನು ಹೇಳಲಿ, ನನಗೆ ಇಂಗ್ಲಿಷ್ ಬರ್ತತಾ?"

ಅವಳು ಬರೆದ ಪ್ರತಿ ಮಾತೂ ನಡೆದದ್ದೇ. ಒಂದನ್ನೂ ಸುಳ್ಳು ಎನ್ನಲಾರೆ. ಅವಳು ಮಂಕರಿಯ ಒಳಗಿದ್ದಳು. ಹೊರಗೆ ನಡೆದದ್ದನ್ನು ನಾನು ಹೇಳಿದ ಹಾಗೆ ಬರೆದಿದ್ದಳು. ನಾನು ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

ಬಿ.ದುರ್ಗದ ಹತ್ತಿರ, ರಾಗಿ ಕೊಯ್ದು ಬಿಟ್ಟ ಹೊಲ. ಯುಗಾದಿ ಕಳೆದು ಕೆಲವು ದಿನವಾಗಿತ್ತು. ಅವ್ವ ಸಂತೆಗೆ ಹೊರಡುವಾಗ ಹೇಳಿದ್ದಳು, "ಮಳೆ ಗಿಳೆ ಬಂದ್ರೆ ಮೊದಲು ಮರಿ ಎತ್ತು. ಕೂಸು ಅತ್ತು ಕರೀತತೆ, ಮರಿ ಕರಿಯಲ್ಲ. ತಣ್ಣಗಾದ ಮರಿ ಸುಮ್ಮಗೆ ಹೋಗಿಬಿಡ್ತತೆ." ನಮ್ಮವರಲ್ಲಿ ಎಲ್ಲ ತಾಯಂದಿರೂ ಮಕ್ಕಳಿಗೆ ಹೇಳುವ ಮಾತೇ ಅದು. ಅವ್ವನದೇನೂ ತಪ್ಪಿಲ್ಲ. ಒಂದು ಮರಿ ಸತ್ತರೆ ಅಪ್ಪ ಎರಡು ದಿನ ಮಾತಾಡುತ್ತಿರಲಿಲ್ಲ.

ಎರಡು ಮಂಕರಿಗಳಿದ್ದವು. ಮೊದಲನೆಯದರಲ್ಲಿ ನಾಲ್ಕು ಮರಿ, ಎರಡನೆಯದರಲ್ಲಿ ಐದು. ಮಳೆ ಶುರುವಾದಾಗ ಮೊದಲನೆಯ ನಾಲ್ಕನ್ನು ಕಂಬಳಿಗೆ ಹಾಕಿಕೊಂಡು, ಖಾಲಿಯಾದ ಮಂಕರಿಯನ್ನು ತಂಗಿಯ ಮೇಲೆ ಕವುಚಿದೆ. "ಎದ್ದರೆ ತಲೆ ಒಡಿತತೆ, ಕುಂತ್ಕ" ಎಂದೆ. ಅದು ಸರಿಯಾದ ಕೆಲಸವೇ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿ. ನಾಲ್ಕನ್ನು ಮೋಟಾರು ಮನೆಯಲ್ಲಿ ಬಿಟ್ಟು ವಾಪಸು ಬಂದೆ. ಆಲಿಕಲ್ಲು ದಪ್ಪವಾಗಿತ್ತು. ತಂಗಿಯ ಮಂಕರಿಯನ್ನು ದಾಟಿಯೇ ಎರಡನೆಯದರ ಹತ್ತಿರ ಹೋಗಬೇಕು. ಅವಳು ಒಳಗಿನಿಂದ "ಅಕ್ಕಾ" ಎಂದಳು. "ಬತ್ತೀನಿ" ಎಂದೆ. ಎರಡನೆಯ ಮಂಕರಿಯನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಮರಿಗಳನ್ನು ಬಾಚಿ ಕಂಬಳಿಗೆ ಹಾಕಿಕೊಂಡೆ. ವಾಪಸು ಹೋಗುವಾಗ ಅವಳು ಮತ್ತೆ ಕರೆದಳು. ಈ ಸಲ ನಾನು ಮಾತಾಡಲಿಲ್ಲ.

ಮೋಟಾರು ಮನೆ ಎಂದರೆ ನಾಲ್ಕು ಗೋಡೆ, ಮೇಲೆ ತಗಡು. ಆಲಿಕಲ್ಲು ತಗಡಿಗೆ ಬಿದ್ದು ಕಿವಿ ಗಡಚಿಕ್ಕುತ್ತಿತ್ತು. ಒಳಗೆ ಒಣ ನೆಲವಿತ್ತು. ಯಾರೋ ಹಾಸಿದ್ದ ಗೋಣಿಚೀಲವಿತ್ತು. ಮರಿಗಳನ್ನು ಲಂಗದಿಂದ ಒರೆಸಿದೆ, ಒಂದರ ಮೇಲೊಂದು ಒತ್ತಿ ಮಲಗಿಸಿದೆ, ಅವುಗಳ ನಡುವೆ ನಾನೂ ಕುಳಿತೆ. ಮೈ ಬೆಚ್ಚಗಾಯಿತು. ಸ್ವಲ್ಪ ಹೊತ್ತಿಗೆ ಆಲಿಕಲ್ಲು ನಿಂತಿತು. ಮಳೆ ಮಾತ್ರ ಸುರಿಯುತ್ತಿತ್ತು. ಆಗ ನಾನು ಎದ್ದು ಹೋಗಬಹುದಿತ್ತು. ತಲೆ ಒಡೆಯುವಂಥದ್ದು ಏನೂ ಬೀಳುತ್ತಿರಲಿಲ್ಲ.

ತಂಗಿಯನ್ನು ಮರೆತಿದ್ದೆ ಎಂದು ಹೇಳಿದರೆ ಕೇಳುವವರಿಗೆ ಸಮಾಧಾನವಾಗುತ್ತದೆ. ಆದರೆ ಮರೆತಿರಲಿಲ್ಲ. ಮಂಕರಿ ಕೆಳಗೆ ಇದ್ದಾಳೆ, ಇರಲಿ ಅನ್ನಿಸಿತು. ಅವಳು ಹುಟ್ಟಿದ ಮೇಲೆ ಕೆಲಸ ಹೆಚ್ಚಾಗಿ, ನಾನು ಏಳು ವರ್ಷದವಳಿದ್ದಾಗಿನಿಂದ ಅವಳನ್ನು ಎತ್ತಿಕೊಂಡು ತಿರುಗಿದವಳು. ಹತ್ತಕ್ಕೆ ಶಾಲೆಯನ್ನೂ ಬಿಟ್ಟಿದ್ದೆ. ಆ ಹೊತ್ತು ಸೊಂಟದ ಮೇಲೆ ಯಾರೂ ಇರಲಿಲ್ಲ. ಎಷ್ಟು ಹೊತ್ತು ಕುಳಿತೆನೋ ಗೊತ್ತಿಲ್ಲ. ಮಳೆ ಜೋರಾಗಿದ್ದದ್ದು ಸಣ್ಣಗಾಗಿ, ಮತ್ತೆ ಜೋರಾಗಿ, ಮತ್ತೆ ಸಣ್ಣಗಾಯಿತು. ಅಷ್ಟು ಹೊತ್ತು.

ಆಮೇಲೆ ಮರಿಗಳನ್ನು ನೋಡಿದೆ. ನಾವು ಕುರಿಯವರು ಒಂದು ಎರಡು ಎಂದು ಎಣಿಸುವುದು ಕಡಿಮೆ, ಮುಖ ನೋಡುತ್ತೇವೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಗಂಡು ಮರಿ ಇರಲಿಲ್ಲ. ಅಪ್ಪ ಅದನ್ನು ಟಗರು ಮಾಡಿ ಉಳಿಸಿಕೊಳ್ಳಬೇಕೆಂದು ಹುಟ್ಟಿದ ದಿನವೇ ಹೇಳಿದ್ದ. ಕಂಬಳಿಯಿಂದ ಜಾರಿರಬೇಕು. ನಾನು ಎದ್ದು ಓಡಿದೆ. ಬಾಗಿಲಲ್ಲಿ ಕಾಲು ಜಾರಿ ಬಿದ್ದು, ಎದ್ದು, ಮತ್ತೆ ಓಡಿದೆ. ಓಡುವಾಗ ಬಾಯಲ್ಲಿದ್ದದ್ದು ಆ ಮರಿಯನ್ನು ಕರೆಯುವ ಸದ್ದು. ತಂಗಿಯ ಹೆಸರಲ್ಲ.

ಹೊಲದಲ್ಲಿ ಕಾಲ್ಗಿಣ್ಣಿನವರೆಗೆ ನೀರು ಹರಿಯುತ್ತಿತ್ತು. ಮರಿ ಎಲ್ಲಿಯೂ ಕಾಣಲಿಲ್ಲ. ಕೊನೆಗೆ ತಂಗಿಯ ಮಂಕರಿ ಎತ್ತಿದೆ, ಮರಿ ಅದರ ಕೆಳಗೆ ನುಗ್ಗಿರಬಹುದು ಎಂದು. ಅವಳು ಎಡಮಗ್ಗುಲಾಗಿ ನೀರಿನಲ್ಲಿ ಮಲಗಿದ್ದಳು. ಎರಡೂ ಕೈಯಲ್ಲಿ ಆ ಮರಿಯನ್ನು ನೀರಿನಿಂದ ಮೇಲೆ, ಎದೆಯ ಮೇಲೆ ಹಿಡಿದುಕೊಂಡಿದ್ದಳು. ಅದು ಕೂಗಿದ್ದು ಕೇಳಿ ಅಂಚು ಎತ್ತಿ ಒಳಕ್ಕೆ ಎಳೆದುಕೊಂಡಳಂತೆ. ನಾನು ಮರಿಯನ್ನು ತೆಗೆದುಕೊಂಡೆ. ಬಾಯಿ ಬಿಡಿಸಿ ಬೆರಳಿಟ್ಟು, ಬಿಸಿ ಇದೆಯಾ ಎಂದು ನೋಡಿದೆ. ಇತ್ತು. ಕಂಬಳಿಯಲ್ಲಿ ಸುತ್ತಿದೆ. ಆಮೇಲೆ ತಂಗಿಯ ಮುಖ ನೋಡಿದೆ. ಅವಳು ನಗುತ್ತಿದ್ದಳು.

ಅವ್ವ, ಅಪ್ಪ, ಹೊಲದವರು ಎಲ್ಲರೂ ಬಂದಾಗ ನಾನು ಹೆಗಲ ಮೇಲೆ ತಂಗಿ, ಕಂಕುಳಲ್ಲಿ ಮರಿ ಹೊತ್ತು ಮೋಟಾರು ಮನೆಯ ಬಾಗಿಲಲ್ಲಿ ನಿಂತಿದ್ದೆ. ಹೊಲದ ಯಜಮಾನ, "ಏನಪ್ಪ, ಮರೀನೂ ಉಳಿಸಿದ್ಲು, ಕೂಸನ್ನೂ ಉಳಿಸಿದ್ಲು ನಿನ್ನ ಮಗಳು" ಎಂದು ಅಪ್ಪನಿಗೆ ಹೇಳಿದರು. ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟ. ಅದಕ್ಕೂ ಮೊದಲು ಇಟ್ಟದ್ದು ನೆನಪಿಲ್ಲ. ಎರಡನೆಯ ದಿನಕ್ಕೆ ಅದು ಕಥೆಯಾಯಿತು. "ಮರಿ ಒರೆಸಿ, ಎಣಿಸಿ, ತಂಗಿ ಒಬ್ಬಳೇ ಅವಳೆ ಅಂತ ಓಡಿ ಬಂದೆ" ಎಂದು ನಾನೇ ಹೇಳತೊಡಗಿದೆ.

ತಂಗಿಗೆ ಜ್ವರ ಬಂತು. ಹೊಳಲ್ಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕೇಳಿದ್ದು ನನ್ನನ್ನೇ. "ಎಷ್ಟೊತ್ತು ನೆನೆದಿತ್ತಮ್ಮ ಕೂಸು? ನೀರಿನಾಗೆ ಬಿದ್ದಿತ್ತಾ?"

"ಇಲ್ಲ ಸಾರ್. ಸ್ವಲ್ಪ ಹೊತ್ತು. ತಕ್ಷಣ ಎತ್ಕಂಡೆ."

ಅವರು ಜ್ವರಕ್ಕೆ ಔಷಧಿ ಕೊಟ್ಟರು. ಕಿವಿ ನೋಡಲಿಲ್ಲ. ನೋಡಲು ನಾನು ಕಾರಣ ಕೊಡಲಿಲ್ಲ. ಕಿವಿ ಸೋರಲು ಶುರುವಾದದ್ದು ಒಂದು ವಾರದ ಮೇಲೆ. ಆಗ ನಾವು ಬಾಗೂರಿನ ಕಡೆಗೆ ಹೋಗಿಬಿಟ್ಟಿದ್ದೆವು. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. ದಸರೆಯವರೆಗೆ ಸೋರಿತು, ಆಮೇಲೆ ನಿಂತಿತು, ಆಮೇಲೆ ಆ ಕಡೆ ಕೇಳುವುದೂ ನಿಂತಿತು. ನೀರಿನಲ್ಲಿ ಮಲಗಿದ್ದರಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಿಲ್ಲ. ಅಲ್ಲ ಎಂದೂ ಹೇಳಿಲ್ಲ. ನಾನು ಯಾರನ್ನೂ ಕೇಳಿಲ್ಲ.

ಅಪ್ಪ ಒಂದು ದಿನ ಹೇಳಿದ, "ಒಂದು ಕಿವಿ ಕೇಳದೋಳು ಕುರಿ ಹಿಂದೆ ಹೋಗಾಕಾಗಲ್ಲ. ಯಾವ ಕಡೆಯಿಂದ ತೋಳ ಬಂತು ಅಂತ ತಿಳಿಯಲ್ಲ. ಇಸ್ಕೂಲಿಗೆ ಹೋಗ್ಲಿ." ಅವಳು ಓದಿದ್ದು ಹಾಗೆ. ಎಷ್ಟೋ ವರ್ಷ ನಾನು ಇದನ್ನೇ ಹಿಡಿದುಕೊಂಡಿದ್ದೆ. ಕಿವಿ ಹೋಗಿದ್ದಕ್ಕೆ ತಾನೇ ಓದಿದಳು ಎಂದು. ಹಿರಿಯೂರಿನಿಂದ ಅವಳು ಚೀಲ ತೆಗೆದುಕೊಂಡು ವಾಪಸು ಬಂದ ದಿನ ಆ ಮಾತು ಉಪಯೋಗಕ್ಕೆ ಬರಲಿಲ್ಲ.

ತಂಗಿಗೆ ನನ್ನ ಮೇಲೆ ಇರುವ ಪ್ರೀತಿ ಎಲ್ಲ ಆ ಮಂಕರಿಯಿಂದ ಬಂದದ್ದು. ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ, ಸಂದರ್ಶನದಲ್ಲಿ ಎಲ್ಲ ಕಡೆ ಆ ಕಥೆ ಹೇಳಿದ್ದಾಳೆ. ಹುಷಾರಿಲ್ಲದಾಗ ನನ್ನ ಕಾಲು ಒತ್ತುತ್ತಾಳೆ. ಬೇಡ ಎಂದರೆ, "ನೀನು ಅವತ್ತು ಬರದೇ ಹೋಗಿದ್ರೆ ನನ್ನ ಕೈ ಎಲ್ಲಿರ್ತಿತ್ತು, ಸುಮ್ನಿರು" ಎನ್ನುತ್ತಾಳೆ. ಸತ್ಯ ತಿಳಿದರೆ ಇದರಲ್ಲಿ ಎಷ್ಟು ಉಳಿಯುತ್ತದೋ ಎಂಬ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು. ಈಚೆಗೆ ಆ ಹೆದರಿಕೆಯೂ ಮರಗಟ್ಟಿಹೋಗಿತ್ತು. ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ.

ಗದ್ಯಭಾಗ ಚೀನಾಕ್ಕೆ ಹೋಯಿತು. ಅಲ್ಲಿ ಅದನ್ನು ತಿದ್ದುವ ಒಬ್ಬ ಹೆಂಗಸು ಇದ್ದಾಳೆ. ತಂಗಿ ಅವಳನ್ನು ಚೀನಾ ಮೇಡಂ ಎನ್ನುತ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಮೊದಲು ಚೀನಾ ಮೇಡಂ, ಮಂಕರಿ ಎಂದರೆ ಹೇಗಿರುತ್ತದೆ, ಚಿತ್ರ ಬಿಡಿಸುವವರಿಗೆ ಒಂದು ಫೋಟೋ ಕಳಿಸಿ ಎಂದಳು. ಎದುರು ಮನೆಯಾಕೆಯ ಹತ್ತಿರ ಒಂದು ಇತ್ತು, ಸಗಣಿ ಹೊರುವುದು. ತಂಗಿ ಅದನ್ನು ತೊಳೆಸಿ, ಬಿಸಿಲಿಗಿಟ್ಟು ಫೋಟೋ ತೆಗೆದಳು.

"ನನ್ನ ಸಗಣಿ ಬುಟ್ಟಿ ಚೀನಾಕ್ಕೆ ಹೋತು, ನಾನು ಇನ್ನೂ ಬೆಂಗಳೂರು ಕಂಡಿಲ್ಲ" ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಾಲ್ಕು ದಿನದ ಮೇಲೆ ತಂಗಿಯ ಲ್ಯಾಪ್‌ಟಾಪಿಗೆ ಇನ್ನೊಂದು ಪತ್ರ ಬಂತು. ಭಾನುವಾರ ಬೆಳಿಗ್ಗೆ. ನಾನು ನೆಲದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ತಂಗಿ ಓದಿಕೊಂಡು, "ಈವಮ್ಮ ಏನು ಬರೆದಾಳೆ ನೋಡು" ಎಂದಳು. ಕನ್ನಡದಲ್ಲಿ ಹೇಳಿದಳು. ಮೂರನೆಯ ಪ್ರಶ್ನೆಯ ಉತ್ತರ ಡಿ ಎಂದು ಕೊಟ್ಟಿದ್ದೀರಿ. ಆದರೆ ಗದ್ಯಭಾಗದಲ್ಲಿ ಅಕ್ಕ ತಂಗಿಯ ಬುಟ್ಟಿಯನ್ನು ದಾಟಿ ಹೋಗುತ್ತಾಳೆ, ನಿಲ್ಲುವುದಿಲ್ಲ. ಮರಿಗಳನ್ನು ಎಣಿಸುತ್ತಾಳೆ. ಎಣಿಸಿದ ಕೂಡಲೇ ಓಡುತ್ತಾಳೆ. ಬುಟ್ಟಿ ಎತ್ತಿ ಮೊದಲು ಮರಿಯನ್ನು ತೆಗೆದುಕೊಳ್ಳುತ್ತಾಳೆ. ಗಮನವಿಟ್ಟು ಓದುವ ವಿದ್ಯಾರ್ಥಿ ಸಿ ಎಂದೇ ಉತ್ತರಿಸುತ್ತಾನೆ, ಅದನ್ನು ತಪ್ಪು ಎನ್ನಲು ನಮ್ಮ ಹತ್ತಿರ ಕಾರಣವಿಲ್ಲ. ದಯವಿಟ್ಟು ಸರಿಪಡಿಸಿ.

ಎಲ್ಲೋ ಇರುವ ಒಬ್ಬ ಹೆಂಗಸು, ಕುರಿ ಮೇಯಿಸಿದವಳೋ ಅಲ್ಲವೋ, ಮುನ್ನೂರು ಪದ ಓದಿ ಹೇಳಿಬಿಟ್ಟಳು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಆ ಕಥೆ ಕೇಳಿದವರು ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ, ಎದೆಯೂ ಹೊಡೆದುಕೊಳ್ಳಲಿಲ್ಲ. ಕೈ ಅವರೆಕಾಯಿ ಸುಲಿಯುತ್ತಿತ್ತು.

ತಂಗಿ ತನಗೆ ತಾನೇ ವಾದ ಮಾಡುತ್ತಿದ್ದಳು. "ಮೊದಲು ಮರಿ ತಗಂಡಿದ್ದು ನನ್ನ ಕೈ ಬಿಡಿಸಾಕೆ. ಕೈ ತುಂಬ ಮರಿ ಇದ್ರೆ ಎತ್ಕಳಾದು ಹೆಂಗೆ? ಅಲ್ವೇನೇ? ಈವಮ್ಮಗೆ ಅದು ತಿಳಿದಿಲ್ಲ. ಅದನ್ನ ಒಂದು ಸಾಲು ಸೇರಿಸ್ತೀನಿ. ಇಲ್ಲಾಂದ್ರೆ ನನ್ನ ಕೈಯಾಗಿನ ಮರೀನೇ ತೆಗೆದುಬಿಡಾಣ. ಎಣಿಸಿದ್ದೂ ತೆಗೀತೀನಿ. ಆಗ ಸಿ ಅನ್ನಾಕೆ ದಾರೀನೇ ಇರಲ್ಲ." ಆಮೇಲೆ ಪರದೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು, "ಅಕ್ಕ, ನೀನೇ ಹೇಳು. ಕತೆ ನಿಂದು. ಸಿ ಯಾ, ಡಿ ಯಾ?"

ನಾನು ಅವಳ ಎಡಗಡೆ ಕುಳಿತಿದ್ದೆ. ಆ ಕಡೆ ಬಿಸಿಲು ಬೀಳುತ್ತದೆ ಎಂದು ಕುಳಿತದ್ದು. ಅವಳ ಜೊತೆ ಮಾತಾಡಬೇಕಾದರೆ ಬಲಗಡೆ ಹೋಗಿಯೋ, ತೋಳು ಮುಟ್ಟಿಯೋ ಮಾತಾಡುತ್ತೇವೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಅದನ್ನು ತಪ್ಪಿಸಿದವಳಲ್ಲ ನಾನು. ಅವಳು ಗಟ್ಟಿಯಾಗಿ ಕೇಳಿದ್ದಳು. ನಾನು ಮೆಲ್ಲಗೆ, ಅವಳ ಎಡಗಿವಿಯ ಕಡೆಗೆ ಹೇಳಿದೆ.

"ಸಿ. ಮರಿಗೆ ಬಂದಿದ್ದೆ. ನಿನಗಲ್ಲ. ನಿನ್ನ ನೆನಪಿತ್ತು, ಆದ್ರೂ ಬರಲಿಲ್ಲ."

ಅಷ್ಟನ್ನೂ ಹೇಳಿದೆ. ಗೊತ್ತಿದ್ದೇ ಆ ಕಡೆಗೆ ಹೇಳಿದೆ. ಹೇಳಿದೆ ಎಂದು ನನಗೆ ನಾನು ಹೇಳಿಕೊಳ್ಳಬಹುದು, ಅವಳಿಗೆ ಕೇಳಿಸುವುದೂ ಇಲ್ಲ. ಆಲಿಕಲ್ಲು ನಿಂತ ಮೇಲೆ ಮೋಟಾರು ಮನೆಯಲ್ಲಿ ಕುಳಿತದ್ದಾದರೂ ಹನ್ನೆರಡು ವರ್ಷದವಳು. ಇದನ್ನು ಮಾಡಿದವಳು ನಲವತ್ತರ ಹತ್ತಿರದವಳು. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಯಾವುದು ಎಂದು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ.

ತುಟಿ ಆಡಿದ್ದು ಕಿಟಕಿಯ ಗಾಜಿನಲ್ಲಿ ಕಂಡಿರಬೇಕು. ಅವಳು ತಿರುಗಿದಳು. "ಏನಂದೆ?"

"ಮರಿ ತೆಗೆದುಬಿಡು ಅಂದೆ. ಡಿ ನೇ ಇರಲಿ."

"ಹ್ಞಾ, ಅದೇ ಸರಿ" ಎಂದು ಅವಳು ಮರಿಯನ್ನು ತೆಗೆದುಹಾಕಿದಳು. ಮಧ್ಯಾಹ್ನಕ್ಕೆ ಚೀನಾ ಮೇಡಂ ಉತ್ತರ ಬರೆದಳು. ಈಗ ಸ್ಪಷ್ಟವಾಗಿದೆ, ಒಂದೇ ಉತ್ತರ ಬರುತ್ತದೆ, ವಂದನೆಗಳು ಎಂದು. ಆ ದಿನ ಅವರೆಕಾಳಿನ ಸಾರು ಮಾಡಿದೆ. ಇಬ್ಬರೂ ಉಂಡೆವು.

ಕೆಲವು ತಿಂಗಳ ಮೇಲೆ ಪುಸ್ತಕದ ಪುಟಗಳು ಅವಳ ಲ್ಯಾಪ್‌ಟಾಪಿಗೆ ಬಂದವು. ಚಿತ್ರದಲ್ಲಿ ಚೀನಾದ ಮುಖದ ಒಬ್ಬ ಹುಡುಗಿ ಮಂಕರಿ ಎತ್ತುತ್ತಿದ್ದಾಳೆ, ಕೆಳಗೆ ಇನ್ನೊಬ್ಬಳು ಪುಟ್ಟವಳು, ಒಣಗಿದ ಬಟ್ಟೆಯಲ್ಲಿ. ಎಷ್ಟು ಮಕ್ಕಳು ಅದನ್ನು ಓದಿ ಡಿ ಎಂದು ಗುರುತು ಹಾಕಿದರೋ. ಎದುರು ಮನೆಯಾಕೆ ಬಂದು ತನ್ನ ಬುಟ್ಟಿ ನೋಡಿಕೊಂಡು ಹೋದಳು. ತಂಗಿ ಆ ಪುಟವನ್ನು ಚಿತ್ರದುರ್ಗಕ್ಕೆ ಹೋದಾಗ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದಳು. ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗಲೆಲ್ಲ ಅದು ಕಾಣುತ್ತಿತ್ತು. ಹದಿನೈದು ದಿನ ನೋಡಿದೆ. ಆಮೇಲೆ ಶಾಲೆಯ ಒಂದು ಹಳೆಯ ನೋಟುಬುಕ್ಕು ತಂದು ಇಲ್ಲಿಯವರೆಗಿನದನ್ನು ಬರೆಯತೊಡಗಿದೆ. ಬಾಯಿಂದ ಹೇಳಿದರೆ ಮತ್ತೆ ಯಾವ ಕಡೆ ಕುಳಿತು ಹೇಳುತ್ತೇನೋ ಎಂದು ನನಗೆ ನನ್ನ ಮೇಲೆಯೇ ನಂಬಿಕೆ ಇರಲಿಲ್ಲ. ಬರೆದು ಮುಗಿಸಲು ಒಂದು ತಿಂಗಳು ಹಿಡಿಯಿತು.

ಒಂದು ಸಂಜೆ ಅವಳ ಮೇಜಿನ ಮೇಲೆ ಇಟ್ಟೆ. "ಏನಿದು, ಸಾಮಾನಿನ ಪಟ್ಟೀನಾ?" ಎಂದಳು.

"ಓದು."

ನಾನು ಹಿತ್ತಲಿಗೆ ಹೋಗಿ ಪಾತ್ರೆ ತೊಳೆದೆ. ತೊಳೆದವನ್ನೇ ಮತ್ತೊಮ್ಮೆ ತೊಳೆದೆ. ಒಳಗೆ ಬಂದಾಗ ಅವಳು ಓದಿ ಮುಗಿಸಿದ್ದಳು. ಅಲ್ಲಲ್ಲಿ ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿದ್ದಳು. ಅವಳ ಕೈಗೆ ಅದು ಅಭ್ಯಾಸ. ಡಾಕ್ಟರಿಗೆ ನಾನು ಹೇಳಿದ ಮಾತಿನ ಪುಟದಿಂದ ಆಚೆಗೆ ಒಂದೂ ತಿದ್ದಿರಲಿಲ್ಲ.

ನೋಟುಬುಕ್ಕು ಮುಚ್ಚಿ ಕೇಳಿದಳು, "ಆ ಮರಿ ಬದುಕಿತಾ?"

"ಬದುಕಿತು. ಟಗರಾಯ್ತು. ಅಪ್ಪ ನಾಕೈದು ವರ್ಷ ಇಟ್ಕಂಡಿದ್ದ."

"ಓ, ಅದೇನಾ ಅದು" ಎಂದಳು. "ನನಗೆ ಗುದ್ದುತಿತ್ತಲ್ಲ."

ಅಷ್ಟೇ ಮಾತು. ಊಟಕ್ಕೆ ಬಡಿಸಿದೆ, ಉಂಡಳು. ತಟ್ಟೆ ತೊಳೆದಿಟ್ಟಳು. ಅವಳು ಅತ್ತಿದ್ದರೆ, ಬೈದಿದ್ದರೆ ನನಗೂ ಏನಾದರೂ ಅನ್ನಿಸುತ್ತಿತ್ತೇನೋ. ಮಾರನೆಯ ದಿನ ನಾನು ಶಾಲೆಯಿಂದ ಬಂದಾಗ ಗೋಡೆಯ ಮೇಲಿನ ಕಾಗದ ಹಾಗೆಯೇ ಇತ್ತು. ಅವಳು ಮೂರನೆಯ ಪ್ರಶ್ನೆಯ ಹತ್ತಿರ ಏನೂ ಬರೆದಿರಲಿಲ್ಲ.

ಈಗಲೂ ನಾವು ಒಂದೇ ಮನೆಯಲ್ಲಿದ್ದೇವೆ. ಅವಳು ಕಿಟಕಿ ಪಕ್ಕದಲ್ಲಿ ಬರೆಯುತ್ತಾಳೆ, ನಾನು ನನ್ನ ಕೆಲಸ ಮಾಡಿಕೊಳ್ಳುತ್ತೇನೆ. ತರಕಾರಿ ಏನು ತರಬೇಕು, ಗ್ಯಾಸ್ ಯಾವಾಗ ಬರುತ್ತದೆ ಎಲ್ಲ ಮಾತಾಡುತ್ತೇವೆ. ಆದರೆ ಪ್ರಶ್ನೆಗಳನ್ನು ನನ್ನ ಮೇಲೆ ಪರೀಕ್ಷೆ ಮಾಡುವುದನ್ನು ಅವಳು ಬಿಟ್ಟಿದ್ದಾಳೆ. ತುಟಿ ಆಡಿಸುತ್ತಾ ನಾಲ್ಕು ಉತ್ತರಗಳನ್ನೂ ತಾನೇ ಓದಿಕೊಳ್ಳುತ್ತಾಳೆ. ಯಾಕೆ ಎಂದು ನಾನು ಕೇಳಿಲ್ಲ.